ಹನ್ನೆರಡು ಇಂಚಿನ ಅಕ್ಷರ

ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವವರಿಗೆಲ್ಲ ತಪಾಸಣೆಗೆ ಬರುವ ಸರ್ಕಾರಿ ಅಧಿಕಾರಿ, ಅಳತೆಪಟ್ಟಿ ಸಾಹೇಬರೆಂದರೆ ಎದೆ ಢವಢವ. ಅವರು ಒಪ್ಪದೆ ಯಾರೂ ಹಾರುವಂತಿಲ್ಲ. ರೆಕ್ಕೆ ಎಷ್ಟೇ ಚೆಂದವಿರಲಿ, ಅವರು ಮೊಣಕಾಲೂರಿ ಮೊದಲು ಅಳೆಯುವುದು ಪಕ್ಕೆಯ ಮೇಲೆ ಬರೆದ ನೋಂದಣಿ ಅಕ್ಷರಗಳನ್ನು. ಸ್ವಂತ ಮನೆಯ ಬಾಗಿಲ ನಂಬರನ್ನೂ ಅಳೆದೇ ಒಳಗೆ ಹೋಗುತ್ತಾರೆಂದು ಜನ ನಗುತ್ತಾರೆ. ಒಂಬತ್ತು ವರ್ಷ ಬೆವರು ಸುರಿಸಿ ವಿಮಾನ ಕಟ್ಟಿದ ಬಡಗಿಗೂ, "ಹನ್ನೆರಡು ಇಂಚಿರಬೇಕು, ಅರ್ಧ ಇಂಚು ಕಮ್ಮಿ ಇದೆ. ಅಳಿಸಿ ಬರೀರಿ" ಎಂದುಬಿಟ್ಟರು. ಬಡಗಿಯ ಹೆಂಡತಿಗೆ ರೇಗಿತು. "ಆಕಾಶದಲ್ಲಿ ಯಾರು ಸ್ಕೇಲ್ ಹಿಡ್ಕೊಂಡು ನಿಂತಿರ್ತಾರೆ ಸಾಹೇಬ್ರೇ?" "ಕೆಳಗಿರೋರು ಓದ್ಬೇಕಲ್ಲ ತಾಯಿ, ಮೇಲಿರೋದು ಯಾರ ಮನೆಯವರು ಅಂತ," ಎನ್ನುತ್ತ ಅವರು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದರು. ತಾವು ಒಪ್ಪಿದ ಪ್ರತಿಯೊಂದು ವಿಮಾನದ ಅಕ್ಷರಗಳೂ ಅದರಲ್ಲಿದ್ದವು. ಎಲ್ಲರೂ ಕ್ಷೇಮವಾಗಿ ಇಳಿಯಲೆಂದು ದಿನವೂ ಬೆಳಗಿನ ಪ್ರಾರ್ಥನೆಯಲ್ಲಿ ಅವನ್ನು ಒಂದೂ ಬಿಡದೆ ಓದುತ್ತಾರಂತೆ. ಅವಳು ತಾನೇ ಹೋಗಿ ಬಣ್ಣದ ಡಬ್ಬಿ ತಂದಳು.