ಮಾತ್ರೆಯ ಬಸುರು

ತೊಂಬತ್ತರ ದಶಕದ ಮಾತು. ಕುದೇರಿನ ಆ ಮನೆಗೆ ನಾನು ಸೊಸೆಯಾಗಿ ಹೋಗಿ ಎರಡು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಗಂಡನಿಗೆ ಚಾಮರಾಜನಗರದಲ್ಲಿ ಗುಮಾಸ್ತಿಕೆ. ಮನೆದೇವರ ಪೂಜೆಯ ದಿನ ಸೊಸೆ ಮುಟ್ಟಾದರೆ ಮೈಲಿಗೆಯಂತೆ! ಅದಕ್ಕೇ ಆತ ಮುಟ್ಟು ಮುಂದೂಡುವ ಮಾತ್ರೆ ತಂದ, ಅತ್ತೆ ಕೈಯಾರೆ ನುಂಗಿಸಿದರು. ಅಷ್ಟರಲ್ಲಿ ದಾಯಾದಿಗಳ ಮನೆಯಲ್ಲಿ ಒಂದು ಸಾವು. ಸೂತಕವೆಂದು ಪೂಜೆ ಮುಂದಕ್ಕೆ ಹೋಯಿತು. ಆ ಸೂತಕ ಕಳೆಯುವ ಹೊತ್ತಿಗೆ ಇನ್ನೊಂದು ಸಾವು. ಪೂಜೆ ಮುಂದಕ್ಕೆ ಹೋದಂತೆಲ್ಲ ಮಾತ್ರೆಯೂ ಮುಂದುವರಿಯಿತು. ಸಾಕು ಎಂದರೆ ಯಾರು ಕೇಳಬೇಕು?

ಎದೆ ಬಿಗಿಯಿತು, ಹೊಟ್ಟೆ ತೊಳಸಿತು, ಮುಖದ ತುಂಬ ಮೊಡವೆ. ಒಂದು ಬೆಳಿಗ್ಗೆ ವಾಂತಿ ಮಾಡಿದ್ದೇ ತಡ, ಅತ್ತೆ ಬೀದಿಗೆಲ್ಲ ಕೇಳುವಂತೆ ಸಾರಿದರು, "ನನ್ ಸೊಸ ಬಸ್ರಿ ಕಣ್ರವ್ವಾ, ಮುಟ್ಟು ನಿಂತದ!" ನಿಲ್ಲದೆ ಇನ್ನೇನು? ನಿಲ್ಲಿಸಲೆಂದೇ ನುಂಗಿಸಿದ್ದರಲ್ಲ! ಬಸುರಿಗೆ ಇನ್ಯಾಕೆ ಮಾತ್ರೆ ಎಂದು ಅವತ್ತೇ ಬಿಡಿಸಿದರು. ಮೂರನೆಯ ದಿನ ರಕ್ತ ಸುರಿಯಿತು.

"ನೀರು ಸೇದ್ಬ್ಯಾಡ ಅಂದ್ರ ಕೇಳುದ್ಲಾ? ಬಸ್ರು ಇಳ್ಸ್ಕೊಂಡ್ಬುಟ್ಲು!" ಎಂದು ಅತ್ತೆ ಎದೆ ಬಡಿದುಕೊಂಡರು. ನನ್ನ ಗಂಡನೂ ಅತ್ತ. ಮಾತ್ರೆ ತಂದ ಕೈಯಲ್ಲೇ ಕಣ್ಣೊರೆಸಿಕೊಂಡರು ಮಹಾಶಯರು. ಥೂ!

ಮಗು ಕಳೆದವಳು ಎಂಬ ಹೆಸರು ಹೊತ್ತು ಬಾಳುವುದು ನನ್ನಿಂದಾಗದು ಎನಿಸಿತು. ತವರೂರು ಗುಂಡ್ಲುಪೇಟೆಯ ಲೇಡಿ ಡಾಕ್ಟರ ಬಳಿಗೆ ಗಂಡನನ್ನು ಎಳೆದುಕೊಂಡು ಹೋದೆ.

"ಬಸುರೇ ಇರಲಿಲ್ಲಮ್ಮ," ಎಂದರು ಡಾಕ್ಟರು. "ಗರ್ಭಕೋಶದಲ್ಲಿ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನು ಕೂರೋಕೆ ಸೀಟುಗಳಿವೆ, ರಿಸೆಪ್ಟರ್ ಅಂತೀವಿ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕೋ ಹಾಗೆ ಈ ಮಾತ್ರೆ ಹೋಗಿ ಆ ಸೀಟು ಹಿಡಿಯುತ್ತೆ. ಅದು ಇರೋವರೆಗೂ ಒಳಪದರ ಉದುರಲ್ಲ. ಬಿಟ್ಟರೆ ಉದುರುತ್ತೆ, ಸುರಿದ ರಕ್ತ ಅದೇ. ಗಂಡಸರ ಹಾರ್ಮೋನಿನ ಸೀಟಲ್ಲೂ ಅಷ್ಟಿಷ್ಟು ಕೂರುತ್ತೆ, ಅದಕ್ಕೇ ಮೊಡವೆ. ಮೈಯೊಳಗೆ ಹೋದಮೇಲೆ ಸ್ವಲ್ಪ ಭಾಗ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಆಗಿಬಿಟ್ಟು ಅದರ ಸೀಟಿಗೂ ಹೋಗುತ್ತೆ, ಅದಕ್ಕೇ ಎದೆ ಬಿಗಿತ, ವಾಂತಿ."

ಗಂಡ ಎಲ್ಲದಕ್ಕೂ ತಲೆಯಾಡಿಸಿದ. ಊರಿಗೆ ಬಂದು ತಾಯಿಯ ಮುಂದೆ ಹೇಳಿದ್ದು ಇಷ್ಟೇ: "ಮುಂದಿನ್ ಸಲ ಜ್ವಾಪಾನ ಅಂದ್ರು ಕಣವ್ವ."

ನನಗೆ ಮೈಯೆಲ್ಲ ಉರಿದುಹೋಯಿತು. "ಬಸ್ರೇ ಇರ್ನಿಲ್ಲ ಕಣತ್ತೆ! ಎಲ್ಲಾ ನಿಮ್ಮಗ ತಂದ ಮಾತ್ರೆ ಕೆಲ್ಸ!" ಎಂದು ಕಿರುಚಿದೆ.

ಅತ್ತೆ ಗಾಬರಿಯಾಗಲಿಲ್ಲ. ಹೋಗಿ ಬೀದಿ ಬಾಗಿಲು ಹಾಕಿ ಬಂದರು.

"ಗೊತ್ತು, ಮೆತ್ಗ ಮಾತಾಡು," ಎಂದರು. "ನನ್ ಮಗ ಗಂಡ್ಸು ಅಂತ ಈಗ ಊರ್ಗೆಲ್ಲ ಗೊತ್ತಾಗದ. ಅದ್ನ ಕಳಿಬ್ಯಾಡ ಕಣಮ್ಮಿ."