ಚಟ್ನಿಯಿಲ್ಲದ ಮಿಕ್ಸಿ

ಡೊಂಬಿವಲಿಯ ನಮ್ಮ ಕಟ್ಟಡದ ಗೋಡೆಗಳು ಎಷ್ಟು ತೆಳುವೆಂದರೆ, ಪಕ್ಕದ ಮನೆಯ ಸುರೇಖಾಳ ಮಗು ಸೀನಿದರೆ ನಮ್ಮವರು ಇಲ್ಲಿಂದಲೇ ‘ಚಿರಂಜೀವಿ’ ಎನ್ನುತ್ತಾರೆ. ಈಗ ಅಲ್ಲಿ ಮಿಕ್ಸಿ ತಿರುಗುತ್ತಿದೆ. ಆ ಸದ್ದಿಗೆ ನನಗೆ ನೆರೂಳಿನ ಅಕ್ಕನ ಮನೆ ನೆನಪಾಗುತ್ತದೆ.

ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅಕ್ಕ ಮತ್ತು ಪುಟ್ಟ ನಿಧಿ. ಅಕ್ಕ ಮಗಳೆದುರು ಒಂದು ಹನಿ ಕಣ್ಣೀರು ಹಾಕಲಿಲ್ಲ. ‘ಎಷ್ಟು ಗಟ್ಟಿ ಹೆಂಗಸು’ ಎಂದು ನೆಂಟರೆಲ್ಲ ಹೊಗಳಿದೆವು. ಹೊಗಳುವುದಕ್ಕೆ ನಮಗೇನು ಖರ್ಚು, ಹೇಳಿ.

ನಿಧಿ ಇಲ್ಲೇ ಹುಟ್ಟಿದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳ ಬಾಯಲ್ಲಿ ಉಳಿದಿದ್ದ ನಾಲ್ಕಾರು ಕನ್ನಡ ಪದಗಳಲ್ಲಿ ‘ಬೇಜಾರ್’ ಒಂದು. ಅದನ್ನೇ ದಿನವೂ ಹೇಳತೊಡಗಿದಳು.

“ಅವಳಿಗೆ ಹೊತ್ತು ಹೋಗುದಿಲ್ಲ ಮಾರಾಯ್ತಿ, ಎಂತಾದ್ರೂ ಕ್ಲಾಸಿಗೆ ಹಾಕುವ,” ಎಂದಳು ಅಕ್ಕ.

ಚಿತ್ರಕಲೆ, ಕೀಬೋರ್ಡು, ಈಜು ಎಲ್ಲ ಆಯಿತು. ಬಣ್ಣದ ಪೆಟ್ಟಿಗೆ ಕೊಡಿಸಿದ ಮಹಾಜ್ಞಾನಿ ನಾನೇ. ಹೊತ್ತು ಹೋಗದಿದ್ದರೂ ಬೇಜಾರು, ಎದೆ ಒಡೆದರೂ ಬೇಜಾರು ಎನ್ನುವ ಜನ ನಾವು. ಅದು ನಮಗೇ ಹೊಳೆಯಲಿಲ್ಲ. ಕೊನೆಗೆ ಹುಡುಗಿ ಊಟ ಬಿಟ್ಟಳು, ಶಾಲೆಯಲ್ಲಿ ಮಾತೂ ಬಿಟ್ಟಳು.

ಮೂವರೂ ಲೋಕಲ್ ಹಿಡಿದು ಠಾಣೆಯ ಮಕ್ಕಳ ಮನೋವೈದ್ಯೆಯ ಬಳಿಗೆ ಹೋದೆವು. ಆಕೆ ನಿಧಿಯ ನಿದ್ದೆ, ಊಟ, ಆಟ ಎಲ್ಲ ವಿಚಾರಿಸಿ, ಅವೇ ಪ್ರಶ್ನೆಗಳನ್ನು ಅಕ್ಕನಿಗೂ ಕೇಳಿದರು.

“ಮೇರಾ ಸಬ್ ಠೀಕ್ ಹೈ,” ಎಂದಳು ಅಕ್ಕ.

ನಿಧಿ ತಲೆಯೆತ್ತದೆ ಹೇಳಿದಳು: “ಮಮ್ಮಿ ರೋಜ್ ಮಿಕ್ಸಿ ಚಾಲೂ ಕರ್ಕೇ ರೋತೀ ಹೈ. ಚಟ್ನಿ ತೋ ಬನ್ತೀ ಹೀ ನಹೀ.”

ಚಟ್ನಿ ಮಾಡದೆ ದಿನವೂ ಬರಿದೇ ತಿರುಗಿಸುವ ಮಿಕ್ಸಿಯ ಸದ್ದಿನಲ್ಲಿ ತನ್ನ ಅಳು ಯಾರಿಗೂ ಕೇಳಿಸದು ಎಂದುಕೊಂಡಿದ್ದಳು ಅಕ್ಕ. ಅಮ್ಮ ಮುಚ್ಚಿಟ್ಟು ಅಳುತ್ತಾಳೆಂದ ಮೇಲೆ ತಾನೂ ಅಳಬಾರದೇನೋ ಎಂದು ಮಗು ಎಲ್ಲವನ್ನೂ ನುಂಗಿಕೊಂಡಿತ್ತು. ಅಲ್ಲೇ ತಬ್ಬಿಕೊಂಡು ಇಬ್ಬರೂ ಅತ್ತರು. ಭಾವ ಹೋದ ಮೇಲೆ ಅವರು ಒಟ್ಟಿಗೆ ಅತ್ತದ್ದು ಅದೇ ಮೊದಲು.

ಇಬ್ಬರೂ ಇನ್ನೂ ಅಲ್ಲಿಗೆ ಹೋಗಿಬರುತ್ತಾರೆ. ನಿಧಿ ಊಟ ಮಾಡುತ್ತಾಳೆ. ಮಾತು ಮಾತ್ರ ಮೊದಲಿನಷ್ಟಿಲ್ಲ.

ಪಕ್ಕದ ಮಿಕ್ಸಿ ನಿಂತಿತು. ಒಗ್ಗರಣೆಯ ವಾಸನೆ ಬಂದೀತೆಂದು ಕಾದೆ. ಬರಲಿಲ್ಲ. ಮಿಕ್ಸಿ ಮತ್ತೆ ಶುರುವಾಯಿತು. ನೆಪಕ್ಕೊಂದು ಬಟ್ಟಲು ಹಿಡಿದು ಹೋಗಿ ಬಾಗಿಲು ತಟ್ಟಿದೆ.

ಸುರೇಖಾ ಕಲಬುರಗಿಯವಳು. ಕೆಂಪಗಾದ ಕಣ್ಣು ಒರೆಸಿಕೊಂಡು ಬಟ್ಟಲು ನೋಡಿದಳು. “ಚಟ್ನಿ ಮಾಡಿಲ್ರೀ ಅಕ್ಕಾ,” ಎಂದಳು.

“ಗೊತ್ತು,” ಎಂದು ಒಳಗೆ ಹೋದೆ.