ಎತ್ತಿಗಿರುವ ಸೋಮವಾರ

ನಾನು ಸೇರಿದ ಆನ್‌ಲೈನ್ ಡಿಗ್ರಿಯ ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ನಿಮ್ಮ ಬಿಡುವಿನಲ್ಲಿ ಕಲಿಯಿರಿ. ಬಿಡುವು ಎಲ್ಲಿ ಸಿಗುತ್ತದೆ ಎಂದು ಮಾತ್ರ ಆ ಪುಣ್ಯಾತ್ಮರು ಬರೆದಿರಲಿಲ್ಲ.

ಆಗ ನಾನು ಹೊಸಪೇಟೆಯ ಒಂದು ಲಾಡ್ಜಿನ ರಿಸೆಪ್ಷನ್ನಿನಲ್ಲಿ ಕೆಲಸಕ್ಕಿದ್ದೆ. ಹಂಪಿ ನೋಡಲು ಬರುವವರು ಶುಕ್ರವಾರ ಸಂಜೆ ಬಂದಿಳಿದು ಭಾನುವಾರ ರೂಮು ಖಾಲಿ ಮಾಡುತ್ತಾರೆ. ಊರಿಗೆಲ್ಲ ರಜೆಯಿರುವ ದಿನವೇ ನಮಗೆ ನೀರು ಕುಡಿಯಲೂ ಪುರಸೊತ್ತಿಲ್ಲ. ನನ್ನ ರಜೆ ಸೋಮವಾರ. ಮದುವೆಯಾಗಿ ಕಂಪ್ಲಿಯಿಂದ ಪಾಪಿನಾಯಕನಹಳ್ಳಿಗೆ ಬಂದಾಗ ಬಿ.ಕಾಂ. ಅರ್ಧಕ್ಕೇ ನಿಂತಿತ್ತು. ಏಳು ವರ್ಷ ಬಿಟ್ಟು ಮೊದಲಿನಿಂದ ಶುರು ಮಾಡಿದ್ದೆ. ಡಿಗ್ರಿ ಮುಗಿಸಿದರೆ ಮ್ಯಾನೇಜರ್ ಕುರ್ಚಿ ನಿನಗೇ ಎಂದು ಲಾಡ್ಜಿನ ಮಾಲೀಕರು ಹೇಳಿದ್ದರು. ಐದು ಸೆಮಿಸ್ಟರ್ ದಾಟಿದ್ದೆ. ಕೊನೆಯ ಆರನೆಯದರಲ್ಲಿ ಮುಗ್ಗರಿಸಿದೆ.

ಕಟ್ಟಡವಿರುವ ಕಾಲೇಜಿಗೆ ಒಂದು ಗೇಟಿರುತ್ತದೆ, ಹಬ್ಬ ಬಂದರೆ ಅದಕ್ಕೆ ಬೀಗ ಬೀಳುತ್ತದೆ. ಫೋನಿನೊಳಗಿನ ಕಾಲೇಜಿಗೆ ಬೀಗ ಹಾಕುವವರು ಯಾರು? ವಾರಕ್ಕೆ ಎರಡು ಪಾಠ, ಒಂದು ಅಸೈನ್‌ಮೆಂಟ್, ಒಂದು ಕ್ವಿಜ್. ಯುಗಾದಿಯ ದಿನ ಬೇವು-ಬೆಲ್ಲದ ಜೊತೆ ಕ್ವಿಜ್ ಕೂಡ ಬಂತು. ನನ್ನ ಗಂಡ ವಡ್ಡು ಎಂಬ ಊರಿನ ಕಡೆಯ ಉಕ್ಕಿನ ಕಾರ್ಖಾನೆಯಲ್ಲಿದ್ದರು. ಅವರಿಗೆ ವಾರಕ್ಕೊಂದು ಆಫ್ ಇತ್ತು, ಅಲ್ಲಿನ ಯಂತ್ರಗಳಿಗೂ ಆಗಾಗ ಶಟ್‌ಡೌನ್ ಇತ್ತು.

ಇನ್ನು ನಮ್ಮ ಮನೆಯ ಸೋಮವಾರದ ಕಥೆ. ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಕ್ಕಪಕ್ಕದ ಹೊಲದವರೆಲ್ಲ ಟ್ರ್ಯಾಕ್ಟರಿಗೆ ಇಳಿದರೂ ಮಾವ ಜೋಡೆತ್ತು ಬಿಟ್ಟಿರಲಿಲ್ಲ. "ಟ್ರ್ಯಾಕ್ಟರಿಗೆ ಸೋಮವಾರಾನೂ ಗೊತ್ತಿಲ್ಲ, ಮಂಗಳವಾರಾನೂ ಗೊತ್ತಿಲ್ಲ," ಎನ್ನುತ್ತಿದ್ದರು. ಎತ್ತುಗಳು ಅಂದು ಕಾಲುವೆಯಲ್ಲಿ ಮೈ ತೊಳೆಸಿಕೊಂಡು, ಹಿಂಡಿ ತಿಂದು, ಬೇವಿನ ನೆರಳಲ್ಲಿ ಮೆಲುಕು ಹಾಕುತ್ತಾ ಮಲಗುತ್ತಿದ್ದವು. ಎತ್ತು ಮಲಗಿದರೆ ಗಂಡಸರು ಮನೆಯಲ್ಲಿ, ಗಂಡಸರು ಮನೆಯಲ್ಲಿದ್ದರೆ ನೆಂಟರು, ನೆಂಟರು ಬಂದರೆ ರೊಟ್ಟಿ. ಎತ್ತಿನ ರಜೆಗೆ ನಾನು ಬೆಳಗ್ಗೆಯೆಲ್ಲ ರೊಟ್ಟಿ ಬಡಿಯಬೇಕು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಫೋನಿನಲ್ಲಿ ಕ್ಲಾಸ್. ಕ್ಯಾಮೆರಾದಲ್ಲಿ ಮುಖ ಕಾಣಿಸದಿದ್ದರೆ ಹಾಜರಿ ಇಲ್ಲ.

ಅಂಥದೊಂದು ಸೋಮವಾರ ಫೋನನ್ನು ಜೋಳದ ಡಬ್ಬಿಗೆ ಆನಿಸಿಟ್ಟು, ನಾನು ಗೋಡೆಗೆ ಆನಿ ಕೂತೆ. ಮೇಡಂ ಆದಾಯ ತೆರಿಗೆ ಶುರು ಮಾಡಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ. ಎಚ್ಚರವಾದಾಗ ಕುತ್ತಿಗೆ ಹಿಡಿದುಕೊಂಡಿತ್ತು, ಕ್ಲಾಸ್ ಮುಗಿದಿತ್ತು, ಕೋಣೆಯ ಬಾಗಿಲು ಮುಚ್ಚಿತ್ತು. ಮೂವತ್ತು ಜನರ ಮುಂದೆ ಬಾಯಿ ತೆರೆದು ನಿದ್ದೆ ಹೊಡೆದಿದ್ದೆ. ನಾಚಿಕೆಯಿಂದ ಸತ್ತೇಹೋದೆ.

ಅದೇ ಸಂಜೆ ಪಡಸಾಲೆಯಲ್ಲಿ ಮಾವ ಅತ್ತೆಗೆ ಹೇಳಿದರು, "ಮುಂದಿನ ಸೋಮವಾರದಿಂದ ರೊಟ್ಟಿ ಖಾನಾವಳಿಯಿಂದ ಬರ್ತಾವ. ಮನ್ಯಾಗ ಯಾರೂ ಬಡಿಯಾದು ಬ್ಯಾಡ."

"ಯಾಕ್ರಿ? ಏನಾತು?" ಎಂದರು ಅತ್ತೆ.

"ಏನಿಲ್ಲ. ಬ್ಯಾಡ ಅಂದ್ರ ಬ್ಯಾಡ."

ಮಾವ ಅಳೆದು ತೂಗಿ ಮಾತಾಡುವವರು. ನನ್ನೊಂದಿಗೆ ನೇರವಾಗಿ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅತ್ತೆ ನನ್ನ ಮುಖ ನೋಡಿದರು, ನಾನು ಅವರದ್ದು. ಸೊಸೆ ಹಗಲು ಹೊತ್ತು ಮಲಗಿದ್ದು ಇವರ ಕಣ್ಣಿಗೆ ಬಿದ್ದಿದೆ, ಅದಕ್ಕೇ ಈ ಶಿಕ್ಷೆ ಎಂದುಕೊಂಡೆ. ಮನೆಯಲ್ಲಿ ಇಬ್ಬರು ಹೆಂಗಸರಿದ್ದೂ ಖಾನಾವಳಿಯ ರೊಟ್ಟಿ! ನಿನ್ನ ಕೈಯ ರೊಟ್ಟಿ ಬೇಡ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ.

ಮುಂದಿನ ಸೋಮವಾರ ಪೇಪರಿನಲ್ಲಿ ಸುತ್ತಿದ ರೊಟ್ಟಿಯ ಕಟ್ಟು ಹೊಸಪೇಟೆಯಿಂದ ಬಂತು. ನಾನು ಮುಟ್ಟಲಿಲ್ಲ, ಮೊಸರನ್ನ ಉಂಡೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಬೆಳಗ್ಗೆ ಪೂರ್ತಿ ಖಾಲಿ ಸಿಕ್ಕಿತ್ತು, ಓದಬಹುದಿತ್ತು. ಆದರೆ ಅವಮಾನ ನುಂಗುತ್ತಾ ಓದುವುದು ಹೇಗೆ? ಕೆಲಸವಿಲ್ಲದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಎರಡು ಸಲ ಪಾತ್ರೆ ತೊಳೆದೆ. ಮೂರು ಗಂಟೆಯ ಕ್ಲಾಸಿಗೂ ಕೂರಲಿಲ್ಲ.

ಬುಧವಾರ ಲಾಡ್ಜಿನಲ್ಲಿ ಊಟದ ಹೊತ್ತಿಗೆ, ಕೋರ್ಸ್ ಬಿಡುವವರು ತುಂಬುವ ಫಾರಂ ತೆರೆದೆ. ಕಾರಣ ಆರಿಸಿ ಎಂದಿತ್ತು. ಉದ್ಯೋಗ, ಆರೋಗ್ಯ, ಕುಟುಂಬ, ಇತರೆ. ಬಿಡುವಿಲ್ಲ ಎನ್ನುವ ಸಾಲೇ ಇರಲಿಲ್ಲ. 'ಇತರೆ' ಒತ್ತಿದೆ. ಇನ್ನೊಂದು ಸಲ ಒತ್ತಿದ್ದರೆ ಐದು ಸೆಮಿಸ್ಟರು ನೀರಿನಲ್ಲಿ ಹೋಮ. ಆಗ ಒಂದು ಹುಳ ತಲೆಗೆ ಹೊಕ್ಕಿತು. ನಮ್ಮ ಕ್ಲಾಸುಗಳೆಲ್ಲ ರೆಕಾರ್ಡ್ ಆಗಿರುತ್ತವೆ. ಅಂದು ನನ್ನ ಮಾನ ಎಷ್ಟು ಹೋಗಿದೆ ಎಂದು ನೋಡಿಕೊಂಡೇ ಬಿಡೋಣ ಎನ್ನಿಸಿ, ಇಯರ್‌ಫೋನ್ ಹಾಕಿಕೊಂಡು ಆ ಸೋಮವಾರದ ರೆಕಾರ್ಡಿಂಗ್ ಹಚ್ಚಿದೆ.

ನಲವತ್ತನೆಯ ನಿಮಿಷಕ್ಕೆ ಮೇಡಂ ನನ್ನ ಹೆಸರು ಕೂಗುತ್ತಾರೆ. ಒಂದು ಸಲ, ಎರಡು ಸಲ, ಮೂರನೆಯದಕ್ಕೆ ದನಿ ಏರಿಸುತ್ತಾರೆ. ಯಾರೋ ಕಿಸಕ್ಕನೆ ನಗುತ್ತಾರೆ. ಪರದೆಯಲ್ಲಿ ನಾನು, ತಲೆ ವಾಲಿಸಿಕೊಂಡು. ಅಷ್ಟರಲ್ಲಿ ನನ್ನ ಪಕ್ಕದ ಬಾಗಿಲು ತೆರೆದು ರುಮಾಲು ಸುತ್ತಿದ ತಲೆಯೊಂದು ಇಣುಕಿತು.

"ಯಾರ್ರಿ ಕರ್ಯಾಕತ್ತೋರು? ಬರ್ರಿ, ಕುಂದ್ರಿ," ಎನ್ನುತ್ತಾ ಮಾವ ಬಂದ ಹೆಂಗಸಿಗಾಗಿ ಕೋಣೆಯೆಲ್ಲ ಹುಡುಕುತ್ತಿದ್ದಾರೆ.

"ಇಲ್ಲಿ ಸರ್, ಫೋನಲ್ಲಿ. ನಾನು ಇವರ ಟೀಚರ್. ಕ್ಲಾಸ್ ನಡೀತಿದೆ, ಸ್ವಲ್ಪ ಎಬ್ಬಿಸ್ತೀರಾ?"

ಮಾವ ಬಗ್ಗಿ ಫೋನ್ ನೋಡಿದರು. ಪರದೆಯ ತುಂಬ ಅವರ ಬಿಳಿ ಮೀಸೆ. "ನಮಸ್ಕಾರ್ರಿ ಅಕ್ಕಾರ. ಎಬ್ಬಸೂದು ಬ್ಯಾಡ್ರಿ," ಎಂದರು. ಹೆಣ್ಣು ಟೀಚರುಗಳನ್ನು ನಮ್ಮ ಕಡೆ ಕರೆಯುವುದೇ ಹಾಗೆ.

"ಪಾಠ ತಪ್ಪಿಹೋಗುತ್ತೆ ಸರ್."

"ಭಾಳ ಶ್ಯಾಣ್ಯಾಕಿ ಅದಾಳ್ರಿ, ಓದಿಕೊಂತಾಳ. ನಿನ್ನಿ ದಿನಾ ಪೂರ್ತಿ ಲಾಡ್ಜಿನಾಗ ನಿಂತು ಬಂದಾಳ. ಇವತ್ತ ಮುಂಜಾನಿ ಐದಕ್ಕ ಎದ್ದು ನಲವತ್ತು ರೊಟ್ಟಿ ಬಡದಾಳ." ಮಾವ ಹಿಂತಿರುಗಿ ನನ್ನ ಕಡೆ ನೋಡಿದರು. "ನಮ್ಮ ಎತ್ತಿಗೆ ಸೋಮವಾರ ಐತ್ರಿ ಅಕ್ಕಾರ. ನಮ್ಮಪ್ಪನ ಕಾಲದಿಂದ ಒಂದು ಸೋಮವಾರಾನೂ ನೊಗ ಇಟ್ಟಿಲ್ಲ. ಈಕಿಗೆ ಮಾತ್ರ ಯಾವ ವಾರಾನೂ ಇಲ್ಲ ನೋಡ್ರಿ. ನಿಮ್ಮದಷ್ಟ ತಪ್ಪು ಅಂತ ನಾ ಅನ್ನಂಗಿಲ್ಲ. ನಮ್ಮದ ಜಾಸ್ತಿ ಐತಿ. ಮನ್ಯಾಗ ಇದ್ದು, ಕಣ್ಣಿದ್ದು, ನಾ ನೋಡಿಲ್ಲ."

ಆಮೇಲೆ ಮೇಡಂ ದನಿ ಬಂತು. ಪಾಠ ಹೇಳುವ ದನಿಯಾಗಿರಲಿಲ್ಲ ಅದು.

"ನನಗೂ ಯಾವ ವಾರವೂ ಇಲ್ಲ ಯಜಮಾನ್ರೇ. ಭಾನುವಾರಾನೂ ಎರಡು ಕ್ಲಾಸ್ ಇರುತ್ತೆ."

"ಹೌದನ್ರಿ?" ಮಾವನ ಮುಖದಲ್ಲಿ ನಿಜವಾದ ಸಂಕಟ ಕಂಡಿತು. "ಹಂಗಾರ ನೀವೂ ಇವತ್ತ ಬಂದ್ ಮಾಡಿಬಿಡ್ರಿ. ಒಂದು ತಾಸು ಅಡ್ಡ ಆಗ್ರಿ. ನಾಳಿ ಹೇಳಿದ್ರ ತೆರಿಗಿ ಎಲ್ಲೂ ಓಡಿ ಹೋಗಂಗಿಲ್ಲ."

ಮೇಡಂ ನಕ್ಕರು. ಅವರು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಇವರಿಗೆ ಹಾಜರಿ ಹಾಕಿದ್ದೇನೆ, ಉಳಿದ ಪಾಠ ಇನ್ನೊಂದು ದಿನ ಎಂದು ಹೇಳಿ ಇಪ್ಪತ್ತು ನಿಮಿಷ ಮೊದಲೇ ಕ್ಲಾಸ್ ಮುಗಿಸಿದರು. ಮಾವ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಹೋಗುವುದರೊಂದಿಗೆ ರೆಕಾರ್ಡಿಂಗ್ ನಿಂತಿತು.

ರಿಸೆಪ್ಷನ್ನಿನಲ್ಲಿ ಕೂತಲ್ಲೇ ಕಣ್ಣೀರು ಹಾಕಿದೆ. ಬೀಗದಕೈ ಕೇಳಲು ಬಂದ ಗಿರಾಕಿಗೆ ಬೇರೆ ರೂಮಿನದು ಕೊಟ್ಟು ಕಳಿಸಿದೆ. ಫಾರಂ ಅಳಿಸಿದೆ. ಅಂದೇ ಮೇಡಂಗೆ ಬರೆದು ಕೇಳಿ, ತಪ್ಪಿಸಿಕೊಂಡ ಪಾಠದ ಅಸೈನ್‌ಮೆಂಟಿಗೆ ನಾಲ್ಕು ದಿನ ಹೆಚ್ಚು ತೆಗೆದುಕೊಂಡೆ. ಕೇಳಿದರೆ ಕೊಡುತ್ತಾರೆ ಎನ್ನುವುದೇ ನನಗೆ ಅಷ್ಟು ದಿನ ಹೊಳೆದಿರಲಿಲ್ಲ.

ಮುಂದಿನ ಸೋಮವಾರ ಖಾನಾವಳಿಯ ರೊಟ್ಟಿ ಹೊಟ್ಟೆ ತುಂಬ ಉಂಡೆ. ನನ್ನ ರೊಟ್ಟಿಯಷ್ಟು ಚೆನ್ನಾಗಿರಲಿಲ್ಲ, ಅದನ್ನು ಯಾವ ಸಭೆಯಲ್ಲಾದರೂ ಹೇಳುತ್ತೇನೆ. ಕ್ಲಾಸಿಗೆ ಇನ್ನೂ ಒಂದು ಗಂಟೆಯಿತ್ತು. ಮಾವ ಹಿತ್ತಲಲ್ಲಿ ಒಬ್ಬರೇ ಇದ್ದರು. ಹೋಗಿ ನಿಂತೆ. ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಬಾಯಿಂದ ಬಂದದ್ದು ಇಷ್ಟೇ:

"ಮಾವಾರ, ನನ್ನ ಪರೀಕ್ಷೆ ಮುಗಿಯಾತನ ಸೋಮವಾರ ಹಿಂಗ ರೊಟ್ಟಿ ತರಸ್ತೀರೇನ್ರಿ?"

ಮಾವ ತಲೆಯೆತ್ತಿದರು. ನನಗೆ ಎಲ್ಲ ತಿಳಿಯಿತೆಂದು ಅವರಿಗೂ ತಿಳಿಯಿತು ಎನ್ನಿಸುತ್ತದೆ, ಕಣ್ಣು ತಪ್ಪಿಸಿದರು.

"ಪರೀಕ್ಷೆ ಮುಗುದ ಮ್ಯಾಲ ಯಾಕ ನಿಲ್ಲಸಬೇಕವಾ?" ಎಂದರು. "ಹೋಗು, ಒಂದು ತಾಸು ಮಲಕ್ಕೋ. ಮೂರಕ್ಕ ನಾ ಎಬ್ಬಸ್ತೀನಿ."